ಬರೋಕ್ ಸಂಗೀತ ಕೇಳೋದು ಎಲ್ಲಿಂದ ಶುರು ಮಾಡಲಿ? ತಂಬೂರಿಗೆ ಒಗ್ಗಿದ ಕಿವಿಗೆ ದಾರಿ ಹೇಳಿ

ಕುಕ್ಕರಹಳ್ಳಿ ಕೆರೆ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಯ ಲೈಪ್‌ಜಿಗ್‌ಗೆ ಬಂದು ಎಂಟು ತಿಂಗಳಾಯ್ತು. ಇಲ್ಲಿ ಥಾಮಸ್ ಚರ್ಚ್ ಅಂತ ಇದೆ, ಬಾಖ್ ಅನ್ನೋ ಸಂಗೀತ ರಚನಕಾರ 1723ರಿಂದ ಸಾಯೋತನಕ, ಅಂದ್ರೆ 1750ರವರೆಗೆ, ಕೆಲಸ ಮಾಡಿದ ಜಾಗ. ಶುಕ್ರವಾರ ಸಂಜೆ ಅಲ್ಲಿ ಹುಡುಗರ ಮೇಳ ಹಾಡುತ್ತೆ. "ಈ ಊರಲ್ಲಿದ್ದು ಇದನ್ನ ಕೇಳದೇ ಇರೋದಾ" ಅಂತ ಆಫೀಸಿನವರು ಎಳ್ಕೊಂಡು ಹೋದ್ರು. ಬಾಖ್‌ನ ಸಮಾಧಿ ಅಲ್ಲೇ ನೆಲದಲ್ಲಿದೆ. ಒಂದು ಕಂಚಿನ ಹಲಗೆ, ಅದರ ಮೇಲೆ ಯಾರೋ ಇಟ್ಟ ಹೂವು.

ನಿಜ ಹೇಳ್ತೀನಿ, ಮೊದಲ ಐದು ನಿಮಿಷ ಮೈ ಜುಂ ಅಂತು. ಆಮೇಲೆ ಕಳೆದುಹೋದೆ. ನಾನು ಬೆಳೆದಿದ್ದು ಅಮ್ಮನ ವೀಣೆ ಪಾಠದ ಪಕ್ಕದಲ್ಲಿ ಹೋಮ್‌ವರ್ಕ್ ಮಾಡ್ಕೊಂಡು. ನಮ್ಮಲ್ಲಿ ಒಬ್ಬರು ಹಾಡ್ತಾರೆ, ಪಿಟೀಲು ಮೃದಂಗ ಅವರನ್ನ ಹಿಡ್ಕೊಂಡು ಹೋಗ್ತವೆ. ಇಲ್ಲಿ ಮದುವೆ ಮನೇಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದ ಹಾಗೆ. ಯಾರ ಮಾತು ಕೇಳಲಿ?

ಬರೋಕ್ ಅಂದ್ರೆ ಏನು, ಯಾರ್ಯಾರು, ಮೊದಲು ಯಾವುದು ಕೇಳಬೇಕು, ತಿಳಿದವರು ಹೇಳಿ. ವಿಕಿಪೀಡಿಯ ಲಿಂಕ್ ಮಾತ್ರ ಬೇಡ, ಓದಿ ಆಗಿದೆ. ಓದಿದ ಮೇಲೂ ಕಿವಿಗೆ ಏನೂ ಆಗಿಲ್ಲ.

ಹಳೇ ಕ್ಯಾಸೆಟ್

ವಿವಾಲ್ಡಿಯ 'ನಾಲ್ಕು ಋತುಗಳು' ಹಾಕಿ ಮೇಡಂ. ಗೊತ್ತಿಲ್ಲ ಅಂದ್ಕೊಂಡಿರ್ತೀರಿ, ಆದ್ರೆ ಗೊತ್ತಿರುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾಯ್ತಾ ಕೂತಾಗ ಎಷ್ಟು ಸಲ ಅದರ 'ವಸಂತ' ಬಂದಿಲ್ಲ! ನನಗೆ ಬಾಖ್ ಪರಿಚಯ ಆಗಿದ್ದು ಇಳಯರಾಜಾ ಅವರ 1986ರ ವಾದ್ಯಸಂಗೀತದ ಕ್ಯಾಸೆಟ್‌ನಿಂದ. ಬಾಖ್‌ನ ಒಂಟಿ ಪಿಟೀಲಿನ ತುಣುಕೊಂದನ್ನ ಎತ್ಕೊಂಡು ಅದರ ಜೊತೆ ನಮ್ಮ ಪಿಟೀಲನ್ನ ಮಾತಿಗೆ ಕೂರಿಸಿದ್ದಾರೆ. ಸೈಡ್ ಬಿ ಸವೆಯೋವರೆಗೂ ಕೇಳಿದ್ದೀನಿ.

ಪೇಢೆಪ್ರಿಯ

ಮೈಸೂರು ಮಹಾರಾಜರ ಹೆಸರು ಯಾರೂ ತಗೀಲಿಲ್ಲಲ್ರೀ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತಕ್ಕ ರೊಕ್ಕ ಸುರಿದು ಲಂಡನ್‌ದಾಗ ರೆಕಾರ್ಡ್ ಮಾಡಿಸ್ಯಾರ.

ಮಂದ್ರ

ಅದು ಹೆಮ್ಮೆಯ ವಿಷಯವೇ ಪೇಢೆಯವರೇ, ಆದರೆ ಅವರು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಣ ಮಾಡಿಸಿದ್ದು ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನ. ಆತ ಇಪ್ಪತ್ತನೇ ಶತಮಾನದವ. ಬರೋಕ್‌ಗೂ ಅವನಿಗೂ ಇನ್ನೂರು ವರ್ಷದ ಅಂತರ.

ಕೆರೆ ಅವರೇ, ನಿಮ್ಮ ಮದುವೆ ಮನೆ ಹೋಲಿಕೆ ಸರಿಯಾಗೇ ಇದೆ. ನಾನು ಬೆಂಗಳೂರಲ್ಲಿ ಹವ್ಯಾಸಕ್ಕೆ ಚೆಲ್ಲೋ, ಅಂದರೆ ಪಿಟೀಲಿನ ಜಾತಿಯ ದೊಡ್ಡ ಮಂದ್ರವಾದ್ಯ, ನುಡಿಸ್ತೀನಿ. ಅದಕ್ಕೂ ಮುಂಚೆ ಹನ್ನೊಂದು ವರ್ಷ ಕರ್ನಾಟಕ ಸಂಗೀತದ ಪಾಠ ಆಗಿತ್ತು. ನಿಮಗಾದದ್ದೇ ನನಗೂ ಆಗಿತ್ತು. ಆಗ ನನ್ನ ಟೀಚರ್ ಹೇಳಿದ್ದು ಇಷ್ಟೇ: ಮೇಲೆ ಕೇಳಬೇಡ, ಕೆಳಗೆ ಕೇಳು.

ನಮ್ಮಲ್ಲಿ ತಂಬೂರಿ ಇದೆ. ಕಚೇರಿ ಮೂರು ಗಂಟೆ ನಡೆದರೂ ಷಡ್ಜ ಕೂತ ಜಾಗ ಬಿಟ್ಟು ಅಲ್ಲಾಡಲ್ಲ. ಹಾಡುವವರು ಎಲ್ಲಿಗೆ ಹೋದರೂ ಮನೆ ಎಲ್ಲಿದೆ ಅಂತ ಕಿವಿಗೆ ಗೊತ್ತು. ಬರೋಕ್‌ನಲ್ಲಿ ಆ ಜಾಗದಲ್ಲಿ ಇರೋದು ನಡೆದಾಡುವ ಮಂದ್ರ. ಚೆಲ್ಲೋ ಅಥವಾ ವಿಯೋಲಾ ಡ ಗಾಂಬಾ ಕೆಳಗಿನ ಸಾಲೊಂದನ್ನ ನುಡಿಸ್ತಾ ಹೋಗುತ್ತೆ. ಆ ಸಾಲು ಹೆಜ್ಜೆ ಇಟ್ಟಾಗಲೆಲ್ಲ ಮೇಲಿನ ಸ್ವರದ ಅರ್ಥ ಬದಲಾಗುತ್ತೆ. ಮೇಲೆ ಪಂಚಮ ಒಂದೇ ನಿಂತಿರಲಿ. ಕೆಳಗೆ ಷಡ್ಜ ಇದ್ದರೆ ನೆಮ್ಮದಿ, ಗಾಂಧಾರ ಬಂದರೆ ಸ್ವಲ್ಪ ಮೆದು, ರಿಷಭ ಬಂತೋ, ಈ ಪಂಚಮ ಇನ್ನು ಇಲ್ಲಿ ನಿಲ್ಲೋ ಹಾಗಿಲ್ಲ, ಇಳೀಲೇಬೇಕು ಅನ್ನೋ ಚಡಪಡಿಕೆ. ಇದಕ್ಕೆ ಅವರಿಟ್ಟ ಹೆಸರು ಬಾಸ್ಸೋ ಕಂಟಿನ್ಯುವೋ, ಬಿಡದೆ ನಡೆಯುವ ಮಂದ್ರ. 1600ರ ಸುಮಾರಿಗೆ ಇಟಲಿಯಲ್ಲಿ ಶುರುವಾಗಿ 1750ರ ಆಚೆ ನಿಧಾನಕ್ಕೆ ಸವೆದುಹೋಯ್ತು. ಬರೋಕ್ ಕಾಲ ಅಂತ ಪುಸ್ತಕಗಳು ಕೊಡೋ ಇಸವಿಯೂ ಹೆಚ್ಚುಕಡಿಮೆ ಇದೇ.

ಈಗ ಒಂದು ಕೆಲಸ ಮಾಡಿ. ಪಾಖೆಲ್‌ಬೆಲ್‌ನ ಕ್ಯಾನನ್ ಹಾಕಿ. ಮದುವೆ ವಿಡಿಯೋಗಳಲ್ಲಿ ಕೇಳಿ ಕೇಳಿ ಸುಸ್ತಾಗಿರಬಹುದು, ಆದರೂ ಹಾಕಿ. ಮೇಲಿನ ಮೂರು ಪಿಟೀಲುಗಳನ್ನ ಮರೆತುಬಿಡಿ. ಕೆಳಗೆ ಚೆಲ್ಲೋ ನುಡಿಸೋದು ಎಂಟೇ ಸ್ವರ:

ಸ ಪ ದ ಗ ಮ ಸ ಮ ಪ

ಅಷ್ಟೇ. ಮೊದಲ ಸ ಬಿಟ್ಟರೆ ಉಳಿದವೆಲ್ಲ ಅದಕ್ಕಿಂತ ಕೆಳಗಿನವು, ಶಂಕರಾಭರಣದ ಸ್ವರಸ್ಥಾನಗಳು. ಇದೇ ಎಂಟು ಸ್ವರ 28 ಸಲ ಬರುತ್ತೆ, ಒಂದು ಸಲವೂ ಬದಲಾಗಲ್ಲ. ಮೊದಲ ಆವರ್ತ ಮಂದ್ರ ಒಂದೇ. ಎರಡನೆಯದಕ್ಕೆ ಒಂದು ಪಿಟೀಲು ಬರುತ್ತೆ. ಮೂರನೆಯದಕ್ಕೆ ಇನ್ನೊಂದು, ಮೊದಲನೆಯದು ಆಗ ತಾನೇ ನುಡಿಸಿದ್ದನ್ನೇ ನುಡಿಸ್ತಾ. ಆಮೇಲೆ ಮೂರನೆಯದು. ಮೂವರೂ ಒಂದೇ ಪಾಠ ಒಪ್ಪಿಸ್ತಿದ್ದಾರೆ, ಒಂದೊಂದು ಆವರ್ತ ಹಿಂದೆ ಮುಂದೆ. ನಾಲ್ಕು ಸಲ ಕೇಳೋ ಹೊತ್ತಿಗೆ ಕೆಳಗಿನ ಸಾಲು ನಿಮ್ಮ ಬಾಯಲ್ಲಿರುತ್ತೆ. ಆಮೇಲೆ ಬನ್ನಿ, ಮಿಕ್ಕಿದ್ದು ಮಾತಾಡೋಣ.

ಲೆಕ್ಕದ ಮೇಷ್ಟ್ರು

ಮಂದ್ರ ಮೇಡಂ ಚೆನ್ನಾಗಿ ಹೇಳಿದ್ರು, ಒಂದು ಸಣ್ಣ ತಕರಾರು. ಶಂಕರಾಭರಣ ಅಂದ ತಕ್ಷಣ ಓದಿದವರು ಗಮಕ ಹುಡುಕ್ತಾರೆ. ಅಲ್ಲಿ ಇರೋದು ಸ್ವರಸ್ಥಾನ, ರಾಗ ಅಲ್ಲ.

ಮಂದ್ರ

ಒಪ್ಪಿದೆ ಮೇಷ್ಟ್ರೇ. ಏಣಿ ಅಂತ ಇಟ್ಟುಕೊಳ್ಳಿ, ಹತ್ತಿದ ಮೇಲೆ ಪಕ್ಕಕ್ಕೆ ಸರಿಸೋಣ.

ಪೇಢೆಪ್ರಿಯ

ನಾ ಹಿಂದುಸ್ತಾನಿ ಕೇಳಾಂವ. ನನಗ ಒಂದ ಅನುಮಾನ. ಬರೋಕ್ ಅಂದ್ರ ಡೊಂಕು ಮುತ್ತು ಅಂತಾರಲ್ಲ, ಇಷ್ಟು ಛಲೋ ಸಂಗೀತಕ್ಕ ಅಂಥಾ ಹೆಸರು ಯಾಂವ ಇಟ್ಟಾಂವ?

ಮಂದ್ರ

ಇಷ್ಟವಿಲ್ಲದವರು ಇಟ್ಟರು! ಬರ್ರೋಕೋ ಅನ್ನೋದು ಪೋರ್ಚುಗೀಸ್ ಮಾತು, ಸೊಟ್ಟ ಮುತ್ತು. ಅದನ್ನ ಸಂಗೀತಕ್ಕೆ ಹಚ್ಚಿದ ಮೊದಲ ಉದಾಹರಣೆಗಳಲ್ಲಿ ಒಂದು ಪ್ಯಾರಿಸ್‌ನಲ್ಲಿ ಸಿಗುತ್ತೆ. 1733ರಲ್ಲಿ ರಾಮೋ ಎಂಬ ಫ್ರೆಂಚ್ ಸಂಗೀತಗಾರನ ಮೊದಲ ಆಪೆರಾ, ಅಂದರೆ ಹಾಡಿನ ನಾಟಕ, ರಂಗಕ್ಕೆ ಬಂದಾಗ ಯಾರೋ ಅದನ್ನ ಹೀಗೆ ಕರೆದು ಜರಿದರು. 1768ರಲ್ಲಿ ರೂಸೋ, ಹೌದು ಅದೇ ತತ್ತ್ವಜ್ಞಾನಿ, ತನ್ನ ಸಂಗೀತ ಕೋಶದಲ್ಲಿ ಬರೋಕ್ ಅಂದರೆ ಗೊಂದಲದ ಹಾರ್ಮೊನಿ, ಒರಟು ರಾಗಧಾಟಿ ಅನ್ನೋ ಅರ್ಥದಲ್ಲೇ ಬರೆದ. ಬಾಖ್‌ಗಾಗಲೀ ವಿವಾಲ್ಡಿಗಾಗಲೀ ತಾವು ಬರೋಕ್ ಅಂತ ಗೊತ್ತೇ ಇರಲಿಲ್ಲ.

ಶುರುವಾದದ್ದೂ ಒಂದು ಜಗಳದಿಂದಲೇ. ಹದಿನಾರನೇ ಶತಮಾನದ ಕೊನೆಗೆ ಇಟಲಿಯಲ್ಲಿ ಐದಾರು ದನಿಗಳು ಹೆಣೆದುಕೊಂಡು ಹಾಡೋ ಶೈಲಿ ಎಷ್ಟು ದಟ್ಟವಾಗಿತ್ತಂದರೆ ಸಾಹಿತ್ಯ ಕೇಳಿಸ್ತಿರಲಿಲ್ಲ. ಫ್ಲಾರೆನ್ಸ್‌ನ ಕೆಲವು ವಿದ್ವಾಂಸರು, ಹಾಡುಗಾರರು ಸೇರಿ ಯೋಚನೆ ಮಾಡಿದರು: ಪ್ರಾಚೀನ ಗ್ರೀಕರ ನಾಟಕಗಳನ್ನ ಹಾಡ್ತಿದ್ದರಂತಲ್ಲ, ಒಂದೇ ದನಿ, ಮಾತಿನ ಲಯದಲ್ಲೇ, ಅದನ್ನ ಮತ್ತೆ ತರೋಣ. ಗ್ರೀಕರದು ಸಿಗಲಿಲ್ಲ. ಸಿಕ್ಕಿದ್ದು ಆಪೆರಾ. ಪೇರಿ ಅನ್ನುವವನ 'ಯೂರಿಡಿಚೆ' 1600ರದು, ಪೂರ್ತಿ ಉಳಿದಿರುವ ಆಪೆರಾಗಳಲ್ಲಿ ಅದೇ ಹಳೆಯದು. 1607ರಲ್ಲಿ ಮಾಂಟುವಾ ಅರಮನೆಯಲ್ಲಿ ಮೊಂಟೆವೆರ್ಡಿಯ 'ಓರ್ಫೆಯೋ' ಆಯ್ತು. ಇವತ್ತಿಗೂ ರಂಗದ ಮೇಲೆ ನಿಲ್ಲೋದು ಇದು.

ಮೊಂಟೆವೆರ್ಡಿ ಕರ್ಕಶ ಸ್ವರಗಳನ್ನ ಅಪ್ಪಣೆ ಇಲ್ಲದೆ ನುಗ್ಗಿಸ್ತಾನೆ ಅಂತ ಆರ್ಟುಸಿ ಎಂಬ ಶಾಸ್ತ್ರಕಾರ ಪುಸ್ತಕ ಬರೆದೇ ಬೈದಿದ್ದ. ಮೊಂಟೆವೆರ್ಡಿ ಕಡೆಯ ಉತ್ತರದ ಸಾರ: ಮಾತು ಒಡತಿ, ಸ್ವರ ಅವಳ ಸೇವಕಿ. ಅಳು ಇರೋ ಕಡೆ ಸ್ವರವೂ ನೋಯಬೇಕು. ಓರ್ಫೆಯೋದಲ್ಲಿ ಮದುವೆಯ ಸಡಗರದ ನಡುವೆ ದೂತಿ ಒಬ್ಬಳು ಬಂದು ವಧು ಸತ್ತಳು ಅಂತ ಹೇಳೋ ಜಾಗ ಕೇಳಿ. ಅಲ್ಲಿಯವರೆಗೂ ಕುಣೀತಿದ್ದ ವಾದ್ಯಗಳೆಲ್ಲ ಸುಮ್ಮನಾಗಿ ಆರ್ಗನ್, ಲ್ಯೂಟ್ ಜಾತಿಯ ವಾದ್ಯದಷ್ಟೇ ಆಸರೆಯಲ್ಲಿ ದನಿ ಬರುತ್ತೆ.

ಪೇಢೆಪ್ರಿಯ

ಬಂದಿಶ್‌ದಾಗ ಮಾತು ದೊಡ್ಡದೋ ರಾಗ ದೊಡ್ಡದೋ ಅಂತ ನಮ್ಮ ಕಟ್ಟಿ ಮ್ಯಾಲೆ ನಡಿಯೋ ಜಗಳನ ಅಲ್ಲೂ ನಡದಿತ್ತು ಅಂತಾತು. ಛಲೋ ಆತು.

ಕಡಲಕರೆ

ಹ್ಯಾಂಡೆಲ್‌ನ ಹೆಸರೇ ಬರ್ಲಿಲ್ಲ ಮಾರಾಯ್ರೆ! ಮಂಗಳೂರಲ್ಲಿ ನಮ್ಮ ಇಗರ್ಜಿಯ ಕಾಯರ್‌ನಲ್ಲಿ ಕ್ರಿಸ್ಮಸ್‌ಗೆ 'ಮೆಸಾಯಾ'ದ ಹಲ್ಲೆಲೂಯಾ ಹಾಡ್ಲಿಕ್ಕೆ ಉಂಟು. ನಾನು ಆಲ್ಟೋ, ಹೆಂಗಸರಲ್ಲಿ ಕೆಳಗಿನ ದನಿ. ಹೊರಗಿಂದ ಕೇಳುವವರಿಗೆ ಎಲ್ಲಕ್ಕಿಂತ ಮೇಲಿನ ಸೊಪ್ರಾನೋ ಮಾತ್ರ ಕೇಳುದು. ಒಳಗೆ ನಿಂತರೆ ಬೇರೆಯೇ ಪ್ರಪಂಚ. ನಮ್ಮ ಪಾಲಿಗೆ ಒಂದೇ ಸ್ವರ ಏಳೆಂಟು ಸಲ ಬರ್ತದೆ, ಅಲ್ಲಾಡ್ಲಿಕ್ಕೇ ಇಲ್ಲ. ಶುರುವಿಗೆ ನನಗೆ ಬೇಜಾರು, ಇದೆಂತ ಹಾಡು ಅಂತ. ಒಂದು ದಿವಸ ಎಲ್ಲರಿಗಿಂತ ಕೆಳಗೆ ಹಾಡುವ ಬಾಸ್‌ನವರಿಗೆ ಜ್ವರ, ಮೂವರೂ ಬರ್ಲಿಲ್ಲ. ಅವತ್ತು ಪ್ರಾಕ್ಟೀಸ್‌ನಲ್ಲಿ ಹಾಡಿದರೆ ಮೇಲಿನದೆಲ್ಲ ಗಾಳಿಯಲ್ಲಿ ತೇಲಿದ ಹಾಗೆ, ನನ್ನ ಸ್ವರ ಯಾಕೆ ಅಲ್ಲಿ ಉಂಟು ಅಂತಲೇ ಗೊತ್ತಾಗ್ಲಿಲ್ಲ. ಮಂದ್ರ ಅವರು ಹೇಳಿದ್ದು ಅವತ್ತು ನನಗೆ ಅನುಭವ ಆದದ್ದು.

ಆ ಕೃತಿಯ ಕಥೆ ಸಹ ಚಂದ. ಹ್ಯಾಂಡೆಲ್ ಜರ್ಮನಿಯ ಹಾಲೆಯಲ್ಲಿ 1685ರಲ್ಲಿ ಹುಟ್ಟಿದವ, ಇಟಲಿಯಲ್ಲಿ ಪಳಗಿ ಲಂಡನ್‌ನಲ್ಲಿ ನೆಲೆ ನಿಂತ. ಇಟಾಲಿಯನ್ ಆಪೆರಾದಲ್ಲಿ ಹೆಸರು ಮಾಡಿದ, ಕಂಪೆನಿ ಕಟ್ಟಿ ಕೈ ಸುಟ್ಟುಕೊಂಡ. ಆಮೇಲೆ ಇಂಗ್ಲಿಷಿನಲ್ಲಿ ವೇಷ ಇಲ್ಲದ, ರಂಗಸಜ್ಜಿಕೆ ಇಲ್ಲದ ಒರಾಟೋರಿಯೋಗೆ ತಿರುಗಿದ. 1741ರಲ್ಲಿ 24 ದಿವಸದಲ್ಲಿ ಮೆಸಾಯಾ ಬರೆದ. ಮೊದಲ ಪ್ರದರ್ಶನ 1742ರ ಏಪ್ರಿಲ್ 13ಕ್ಕೆ ಡಬ್ಲಿನ್‌ನಲ್ಲಿ. ಜಾಗ ಸಾಲದು ಅಂತ ಹೆಂಗಸರು ಲಂಗದ ಒಳಗಿನ ಬಳೆಚೌಕಟ್ಟು ಬಿಟ್ಟು ಬನ್ನಿ, ಗಂಡಸರು ಕತ್ತಿ ಬಿಟ್ಟು ಬನ್ನಿ ಅಂತ ಪ್ರಕಟಣೆ ಕೊಟ್ಟಿದ್ದರಂತೆ. ಬಂದ ಹಣದಲ್ಲಿ ಸಾಲ ತೀರಿಸಲಾಗದೆ ಜೈಲಿನಲ್ಲಿದ್ದ 142 ಜನರ ಬಿಡುಗಡೆ ಆಯ್ತು.

ಹಳೇ ಕ್ಯಾಸೆಟ್

1685 ಒಳ್ಳೆ ಬೆಳೆ ಬಂದ ವರ್ಷ. ಬಾಖ್, ಹ್ಯಾಂಡೆಲ್, ಡೊಮೆನಿಕೊ ಸ್ಕಾರ್ಲಾಟಿ ಮೂವರೂ ಅದೇ ವರ್ಷ. ಬಾಖ್ ಹ್ಯಾಂಡೆಲ್ ಹುಟ್ಟಿದೂರುಗಳ ನಡುವೆ ದೂರ ಬೆಂಗಳೂರು ಮೈಸೂರಿನಷ್ಟು ಇರಬಹುದು, ಜೀವಮಾನದಲ್ಲಿ ಭೇಟಿ ಆಗಲಿಲ್ಲ. 1719ರಲ್ಲಿ ಬಾಖ್ ಹಾಲೆಗೆ ಹೋದನಂತೆ, ಹ್ಯಾಂಡೆಲ್ ಅಷ್ಟರಲ್ಲಿ ಹೊರಟುಹೋಗಿದ್ದ. ಕೊನೆಗೆ ಇಬ್ಬರ ಕಣ್ಣಿಗೂ ಕೈಯಿಟ್ಟವನು ಒಬ್ಬನೇ, ಊರೂರು ತಿರುಗೋ ಇಂಗ್ಲಿಷ್ ಕಣ್ಣಿನ ವೈದ್ಯ ಜಾನ್ ಟೇಲರ್. ಇಬ್ಬರಿಗೂ ಕಣ್ಣು ಬರಲಿಲ್ಲ.

ಪ್ಲಾಂಟೇಶನ್ ಎ

ಚಿಕ್ಕಮಗಳೂರಿನವನಾಗಿ ಸುಮ್ಮನಿರೋಕಾಗಲ್ಲ. ಕೆರೆ ಮೇಡಂ, ನೀವಿರೋ ಊರಲ್ಲೇ ಕ್ಯಾಥರೀನ್ ಬೀದಿಯಲ್ಲಿ ಸಿಮ್ಮರ್‌ಮಾನ್ ಅನ್ನುವವನ ಕಾಫಿ ಅಂಗಡಿ ಇತ್ತು. ಬಾಖ್ ಚರ್ಚ್ ಕೆಲಸದ ಜೊತೆಗೆ ವಿಶ್ವವಿದ್ಯಾಲಯದ ಹುಡುಗರ ವಾದ್ಯವೃಂದ ಕಟ್ಕೊಂಡು ವಾರವಾರ ಅಲ್ಲಿ ಕಚೇರಿ ಮಾಡ್ತಿದ್ದ. ಕಟ್ಟಡ ಎರಡನೇ ಮಹಾಯುದ್ಧದ ಬಾಂಬಿಗೆ ಹೋಯ್ತು. ಅಲ್ಲಿನ ಕಚೇರಿಗಳ ಕಾಲದಲ್ಲೇ ಬರೆದದ್ದು 'ಕಾಫಿ ಕಂಟಾಟಾ', ವಾದ್ಯಗಳ ಜೊತೆ ಹಾಡೋ ಪುಟ್ಟ ಕಥೆ. ಮಗಳು ಲೀಶೆನ್‌ಗೆ ಕಾಫಿ ಚಟ. ದಿನಕ್ಕೆ ಮೂರು ಲೋಟ ಕುಡೀದಿದ್ರೆ ಒಣಗಿದ ಮೇಕೆ ಮಾಂಸದ ಹಾಗಾಗಿಬಿಡ್ತೀನಿ ಅಂತಾಳೆ. ಅಪ್ಪ ಹೊಸ ಬಟ್ಟೆ ಕೊಡಲ್ಲ, ಹೊರಗೆ ಬಿಡಲ್ಲ ಅಂತ ಹೆದರಿಸ್ತಾನೆ, ಬಗ್ಗಲ್ಲ. ಮದುವೆ ಮಾಡಲ್ಲ ಅಂದಾಗ ಮಾತ್ರ ಒಪ್ಪಿಕೋತಾಳೆ. ಆದರೆ ಒಳಗಿಂದೊಳಗೆ ಊರಿಗೆ ಸುದ್ದಿ ಬಿಡ್ತಾಳೆ: ಕಾಫಿ ಮಾಡ್ಕೊಳ್ಳೋಕೆ ಬಿಡ್ತೀನಿ ಅಂತ ಕರಾರು ಬರೆದುಕೊಡೋ ಗಂಡೇ ಬರಲಿ. ಕೊನೆಗೆ ಅಪ್ಪ, ಮಗಳು, ಕಥೆ ಹೇಳೋನು ಮೂವರೂ ಸೇರಿ ಹಾಡ್ತಾರೆ, ಬೆಕ್ಕು ಇಲಿ ಹಿಡಿಯೋದು ಬಿಡಲ್ಲ, ಹುಡುಗಿ ಕಾಫಿ ಬಿಡಲ್ಲ ಅಂತ. ಅರ್ಧ ಗಂಟೆಯ ಒಳಗೆ ಮುಗಿಯುತ್ತೆ. ಬಾಖ್ ಅಂದ್ರೆ ಬರೀ ಗಂಭೀರ ಅನ್ನೋರಿಗೆ ನಾನು ಕೊಡೋ ಮದ್ದು ಇದು.

ಕುಕ್ಕರಹಳ್ಳಿ ಕೆರೆ

ಅಯ್ಯೋ ಎಷ್ಟೊಂದು ಬರೆದಿದ್ದೀರಿ! ಕ್ಯಾನನ್ ಹತ್ತು ಸಲ ಕೇಳಿದೆ ಮಂದ್ರ ಅವರೇ. ಎಂಟು ಸ್ವರ ಬಾಯಿಗೆ ಬಂತು. ಟ್ರ್ಯಾಮ್‌ನಲ್ಲಿ ಗುನುಗ್ತಿದ್ದೆ, ಪಕ್ಕದ ಅಜ್ಜಿ ನೋಡಿ ನಕ್ಕರು. ನೀವು ಹೇಳಿದ್ದು ನಿಜ, ಕೆಳಗಿನದು ಕೈಗೆ ಸಿಕ್ಕ ಮೇಲೆ ಮೇಲಿನವರು ಕಿರುಚಾಡಿದ ಹಾಗೆ ಅನಿಸಲಿಲ್ಲ.

ಆದರೆ ಚರ್ಚ್‌ನಲ್ಲಿ ಕೇಳಿದ್ದಕ್ಕೆ ಇದು ಸಾಲ್ತಾ ಇಲ್ಲ. ಅಲ್ಲಿ ಮಂದ್ರವೂ ಓಡ್ತಿತ್ತು, ಒಂದೇ ಕಡೆ ಸುತ್ತುತ್ತಿರಲಿಲ್ಲ. ನಾಲ್ವರಿಗೂ ಸಮ ಪಾಲು ಇದ್ದ ಹಾಗಿತ್ತು.

ಮಂದ್ರ

ನೀವು ಕೇಳಿದ್ದು ಫ್ಯೂಗ್ ಶೈಲಿ ಇರಬೇಕು. ಬಾಖ್‌ನ ಕೈ ಅದರಲ್ಲಿ ಪಳಗಿದಷ್ಟು ಇನ್ಯಾರದ್ದೂ ಪಳಗಿಲ್ಲ ಅಂತ ನನ್ನ ಅಭಿಪ್ರಾಯ.

ಆರ್ಗನ್‌ಗೆ ಬರೆದ ಜಿ ಮೈನರ್‌ನ ಚಿಕ್ಕ ಫ್ಯೂಗ್ ಇದೆ, ಬಾಖ್ ಕೃತಿಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಬಿ.ಡಬ್ಲ್ಯು.ವಿ. 578, ಹಾಗಂತಲೇ ಹುಡುಕಿ. ನಾಲ್ಕು ನಿಮಿಷದ್ದು. ಮೊದಲು ಒಂದೇ ದನಿ ಒಂದು ಮಾತು ಆಡುತ್ತೆ, ಪಲ್ಲವಿ ಅಂದುಕೊಳ್ಳಿ. ಮುಗಿಯುತ್ತಿದ್ದ ಹಾಗೆ ಎರಡನೇ ದನಿ ಪಂಚಮವನ್ನೇ ಷಡ್ಜ ಮಾಡಿಕೊಂಡು ಅದೇ ಮಾತು ಎತ್ತಿಕೊಳ್ಳುತ್ತೆ. ಮೊದಲನೆಯದು ಸುಮ್ಮನಿರಲ್ಲ, ಅದಕ್ಕೆ ಒಪ್ಪುವ ಬೇರೆ ಮಾತು ಆಡ್ತಿರುತ್ತೆ. ಆಮೇಲೆ ಮೂರನೆಯದು, ಇನ್ನೂ ಕೆಳಗೆ. ಕೊನೆಗೆ ನುಡಿಸುವವರು ಕಾಲಿನಿಂದ ಒತ್ತುವ ಪೆಡಲ್‌ನಲ್ಲಿ ನಾಲ್ಕನೆಯದು, ನೆಲ ನಡುಗೋ ಹಾಗೆ. ಒಬ್ಬರೇ ಮನುಷ್ಯ, ಎರಡು ಕೈ, ಎರಡು ಕಾಲು, ನಾಲ್ಕು ದನಿ. ಮೊದಲ ಸಲ ಕೇಳುವಾಗ ಆ ಮಾತು ಎಷ್ಟು ಸಲ ಬಂತು ಅಂತ ಮಾತ್ರ ಬೆರಳು ಮಡಚಿ ಎಣಿಸಿ. ಬೇರೇನೂ ಮಾಡಬೇಡಿ.

ಈ ಕಲೆ ಆತ ಕಲಿತ ಬಗೆ ನೋಡಿ. 1705ರಲ್ಲಿ, ಇಪ್ಪತ್ತು ವರ್ಷದ ಹುಡುಗ, ಆರ್ನ್‌ಸ್ಟಾಟ್ ಅನ್ನೋ ಊರಲ್ಲಿ ಆರ್ಗನ್ ನುಡಿಸುವ ಕೆಲಸ. ಸುಮಾರು 400 ಕಿಲೋಮೀಟರ್ ದೂರದ ಲ್ಯೂಬೆಕ್‌ನಲ್ಲಿ ಬುಕ್ಸ್‌ಟೆಹುಡೆ ಎಂಬ ಹಿರಿಯ ಇದ್ದ. ನಾಲ್ಕು ವಾರ ರಜೆ ಕೇಳಿ ನಡೆದುಕೊಂಡೇ ಹೊರಟ. ವಾಪಸ್ ಬಂದದ್ದು ನಾಲ್ಕು ತಿಂಗಳ ಮೇಲೆ! ಚರ್ಚ್ ಆಡಳಿತದವರು ಕರೆಸಿ ವಿಚಾರಣೆ ಮಾಡಿದರು. ರಜೆಯ ವಿಷಯ ಒಂದೇ ಅಲ್ಲ: ನೀನು ಕೀರ್ತನೆಗಳ ಮಧ್ಯೆ ವಿಚಿತ್ರ ಸ್ವರ ಸೇರಿಸ್ತೀಯ, ಸಭೆಗೆ ಗಲಿಬಿಲಿ ಆಗ್ತಿದೆ ಅಂತ ಆಕ್ಷೇಪಣೆ. ನಿಮಗೆ ಆದ ಗಲಿಬಿಲಿ ಆಗಿನ ಭಕ್ತರಿಗೂ ಆಗಿತ್ತು ಕೆರೆ ಅವರೇ.

ಹಳೇ ಕ್ಯಾಸೆಟ್

ಬಾಖ್ ಇಲ್ಲದಿದ್ರೆ ಇವತ್ತಿನ ಕೀಬೋರ್ಡ್ ಶ್ರುತಿನೇ ಇರ್ತಿರಲಿಲ್ಲ. ಹನ್ನೆರಡು ಸ್ವರ ಸಮ ಪಾಲು ಮಾಡಿದ್ದು ಅವನೇ ಅಲ್ವಾ?

ಲೆಕ್ಕದ ಮೇಷ್ಟ್ರು

ಅಲ್ಲ. ಇದು ಎಲ್ಲ ಕಡೆ ಓಡಾಡೋ ತಪ್ಪು, ಕೂತು ಲೆಕ್ಕ ಮಾಡೋಣ.

ಷಡ್ಜದಿಂದ ಶುದ್ಧ ಪಂಚಮಕ್ಕೆ ಹೋಗೋದು ಅಂದ್ರೆ ಕಂಪನವನ್ನ 1.5ರಿಂದ ಗುಣಿಸೋದು. ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಮತ್ತೆ ಪಂಚಮ, ಹೀಗೆ ಹನ್ನೆರಡು ಸಲ ಹೋದರೆ ಹನ್ನೆರಡು ಸ್ವರಸ್ಥಾನ ಮುಟ್ಟಿ ಮತ್ತೆ ಷಡ್ಜಕ್ಕೆ ಬರಬೇಕು. 1.5ನ್ನ ಹನ್ನೆರಡು ಸಲ ಗುಣಿಸಿ: ಸುಮಾರು 129.75. ಏಳು ಸ್ಥಾಯಿ ಮೇಲಿನ ಷಡ್ಜ ಎಷ್ಟು? 2ನ್ನ ಏಳು ಸಲ ಗುಣಿಸಿದರೆ 128. ಕೂಡಲಿಲ್ಲ. ಈ ಹೆಚ್ಚುವರಿಯನ್ನ ಎಲ್ಲಾದರೂ ಮುಚ್ಚಬೇಕು. ಹಾಡುವವರಿಗೆ ತೊಂದರೆ ಇಲ್ಲ, ಗಂಟಲು ಸರಿಮಾಡಿಕೊಳ್ಳುತ್ತೆ. ಕೀಲಿಮಣೆ ಏನು ಮಾಡಬೇಕು? ಹಳಬರು ಬಳಸುವ ಶ್ರುತಿಗಳನ್ನೆಲ್ಲ ಇಂಪಾಗಿ ಕೂರಿಸಿ, ಉಳಿದ ಕಸವನ್ನೆಲ್ಲ ಯಾರೂ ಹೋಗದ ಒಂದು ಮೂಲೆಗೆ ತಳ್ಳಿಬಿಡ್ತಿದ್ದರು. ಆ ಮೂಲೆಯ ಪಂಚಮ ತೋಳ ಊಳಿಟ್ಟ ಹಾಗೆ, ಅದಕ್ಕೆ 'ತೋಳ' ಅಂತಲೇ ಹೆಸರು. ಬಾಖ್‌ನ ಕಾಲಕ್ಕೆ ಜರ್ಮನಿಯಲ್ಲಿ ಆ ಕಸವನ್ನ ನಾನಾ ಬಗೆಯಲ್ಲಿ ಹಂಚಿ ಎಲ್ಲ ಶ್ರುತಿಯಲ್ಲೂ ನುಡಿಸೋಕೆ ಬರುವ ಹಾಗೆ ಮಾಡೋ ಪ್ರಯೋಗ ನಡೆದಿತ್ತು. 1722ರಲ್ಲಿ ಬಾಖ್ 24 ಶ್ರುತಿಗಳಿಗೂ ಒಂದೊಂದು ಪ್ರೆಲ್ಯೂಡ್, ಒಂದೊಂದು ಫ್ಯೂಗ್ ಬರೆದ. 'ಚೆನ್ನಾಗಿ ಶ್ರುತಿ ಕೂಡಿಸಿದ' ಅಂತ ಹೆಸರಿಟ್ಟ. 'ಸಮವಾಗಿ' ಅಂತ ಅಲ್ಲ! ಹೇಗೆ ಕೂಡಿಸಬೇಕು ಅಂತಲೂ ಬರೆದಿಡಲಿಲ್ಲ. ವಿದ್ವಾಂಸರು ಇವತ್ತಿಗೂ ಬಡಿದಾಡ್ತಿದ್ದಾರೆ.

ಇನ್ನೊಂದು ಕುತೂಹಲ. ಅದಕ್ಕೂ ಮುಂಚೆ, ಹದಿನೇಳನೇ ಶತಮಾನದಲ್ಲಿ, ತಂಜಾವೂರಿನಲ್ಲಿ ವೆಂಕಟಮಖಿ ಹನ್ನೆರಡು ಸ್ವರಸ್ಥಾನ ಇಟ್ಟುಕೊಂಡು 72 ಮೇಳಗಳ ಲೆಕ್ಕ ಹಾಕಿದ. ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ. ಅದರಲ್ಲಿ ಆಗ ಬಳಕೆಯಲ್ಲಿದ್ದದ್ದು 19 ಅಂತ ಅವನೇ ಹೇಳ್ತಾನೆ, ಉಳಿದದ್ದು ಮುಂದಿನವರಿಗೆ ಬಿಟ್ಟ ಖಾಲಿ ಸೈಟು. ಇಬ್ಬರಿಗೂ ಸಂಬಂಧ ಇಲ್ಲ, ದಯವಿಟ್ಟು ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ.

ಹಳೇ ಕ್ಯಾಸೆಟ್

ತಪ್ಪಾಯ್ತು ಮೇಷ್ಟ್ರೇ, ಬೆಂಚಿನ ಮೇಲೆ ನಿಂತಿದ್ದೀನಿ.

ಪೇಢೆಪ್ರಿಯ

ನಮ್ಮ ಹಾರ್ಮೋನಿಯಂ ಮಂದಿ ಆ ಕಾಲದಾಗ ಇದ್ದಿದ್ರ ಏನ ಮಾಡ್ತಿದ್ರು ಅಂತ ನನಗ ಚಿಂತಿ. ಅದ ಇರ್ಲಿ, ಆ ಕಾಲದ ಕೀಲಿಮಣಿ ವಾದ್ಯ ಹಾರ್ಪ್ಸಿಕಾರ್ಡ್ ನುಡಸಾಂವ ಎಲ್ಲಾ ಬರದಿದ್ದು ನೋಡಿ ನುಡಸ್ತಾನೋ, ತನ್ನ ಮನೋಧರ್ಮನೂ ಇರ್ತದೋ?

ಮಂದ್ರ

ಇರುತ್ತೆ, ಧಾರಾಳವಾಗಿ. ನಾನು ಆಗ ಹೇಳಿದ ಮಂದ್ರದ ಸಾಲು ಇದೆಯಲ್ಲ, ಹಾರ್ಪ್ಸಿಕಾರ್ಡ್‌ನವರ ಮುಂದೆ ಇರೋದು ಅದೊಂದೇ, ಅದರ ಜೊತೆಗೆ ಕೆಲವು ಅಂಕಿಗಳು. ಎಡಗೈ ಸಾಲನ್ನ ನುಡಿಸುತ್ತೆ, ಬಲಗೈ ಅಂಕಿ ನೋಡಿ ಸ್ವರ ತುಂಬುತ್ತೆ. ಮಂದ್ರದಲ್ಲಿ ಗ ಇದೆ, ಅಂಕಿ ಇಲ್ಲ ಅಂದರೆ ಅದರಿಂದ ಮೂರನೆಯದು, ಐದನೆಯದು ಸೇರಿಸಬೇಕು: ಪ, ನಿ. ಅದೇ ಗ ಜೊತೆ 6 ಅಂತ ಇದ್ದರೆ ಮೂರನೆಯದು, ಆರನೆಯದು: ಪ, ಸ. ಒಂದು ಅಂಕಿಯಲ್ಲಿ ಮನೆಯೇ ಬದಲಾಯ್ತು. ಆದರೆ ಆ ಸ್ವರಗಳನ್ನ ಒಟ್ಟಿಗೆ ಹಾಕಬೇಕಾ, ಬಿಡಿಸಿ ಮೀಟಬೇಕಾ, ನಡುವೆ ಚಿಕ್ಕ ಸಂಗತಿ ಹಾಕಬೇಕಾ, ಅದೆಲ್ಲ ನುಡಿಸುವವರ ವಿವೇಕ. ಗಾಯಕರು ಉಸಿರು ತೆಗೆದುಕೊಳ್ಳೋ ಜಾಗದಲ್ಲಿ ಒಳ್ಳೆ ಪಕ್ಕವಾದ್ಯದವರು ಹೇಗೆ ತುಂಬ್ತಾರೋ ಹಾಗೆ.

ಹಾರ್ಪ್ಸಿಕಾರ್ಡ್ ತಂತಿಗೆ ಹೊಡೆಯಲ್ಲ, ಗರಿಯ ಕಡ್ಡಿಯಿಂದ ಮೀಟುತ್ತೆ. ಎಷ್ಟೇ ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಬಲ ಇಲ್ಲದ ಕಾರಣ ಅಲಂಕಾರದಿಂದಲೇ ಒತ್ತು ಕೊಡಬೇಕು. ಫ್ರೆಂಚರು ಅದರಲ್ಲಿ ಗಟ್ಟಿಗರು. ಕೂಪರಾಂ 1716ರಲ್ಲಿ ಆ ವಾದ್ಯ ನುಡಿಸೋ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದ.

ಕಡಲಕರೆ

ಫ್ರೆಂಚರು ಅಂದಾಗ ಲುಲ್ಲಿಯ ಸಾವು ನೆನಪಾಯ್ತು. ಹದಿನಾಲ್ಕನೇ ಲೂಯಿಯ ಆಸ್ಥಾನದ ಸಂಗೀತದ ಯಜಮಾನ, ಮೂಲತಃ ಇಟಲಿಯವ. ಆಗ ತಾಳಕ್ಕೆ ಉದ್ದದ ಕೋಲನ್ನು ನೆಲಕ್ಕೆ ಕುಟ್ಟುದು. 1687ರ ಜನವರಿಯಲ್ಲಿ ಅರಸ ಗುಣಮುಖ ಆದದ್ದಕ್ಕೆ ಸ್ತುತಿ ಹಾಡಿಸುವಾಗ ತನ್ನದೇ ಕಾಲಿಗೆ ಕುಟ್ಟಿಕೊಂಡ. ಗಾಯ ಕೊಳೆಯಿತು, ಕಾಲು ಕತ್ತರಿಸ್ಲಿಕ್ಕೆ ಬಿಡ್ಲಿಲ್ಲ, ಮಾರ್ಚಿನಲ್ಲಿ ತೀರಿಹೋದ. ನಮ್ಮ ಕಾಯರ್ ಮಾಸ್ಟರಿಗೆ ನಾವು ಇದನ್ನು ಆಗಾಗ ನೆನಪಿಸುದುಂಟು.

ಹಳೇ ಕ್ಯಾಸೆಟ್

ನಾನು ಶುರು ಮಾಡಿದ ವಿವಾಲ್ಡಿಯನ್ನ ಎಲ್ಲರೂ ಬದಿಗೆ ತಳ್ಳಿಬಿಟ್ಟಿರಿ!

ಮಂದ್ರ

ಒಂಟಿ ವಾದ್ಯಕ್ಕೂ ಮೇಳಕ್ಕೂ ಬರೆಯೋ ಕೃತಿಗೆ ಕನ್ಸರ್ಟೋ ಅಂತಾರೆ, ಆತ ಒಂದೇ ಕನ್ಸರ್ಟೋನ ಐನೂರು ಸಲ ಬರೆದ ಅನ್ನೋ ಹಳೇ ಕುಹಕ ಇದೆ, ನಾನೂ ವರ್ಷಗಟ್ಟಲೆ ಅದನ್ನೇ ಹೇಳಿ ನಗ್ತಿದ್ದೆ. ನುಡಿಸೋಕೆ ಕೂತ ಮೇಲೆ ನಗು ನಿಂತಿತು. ವೆನಿಸ್‌ನಲ್ಲಿ ತಬ್ಬಲಿ ಹೆಣ್ಣುಮಕ್ಕಳನ್ನ ಸಾಕುವ ಪಿಯೆಟಾ ಅನ್ನೋ ಸಂಸ್ಥೆ. 1703ರಲ್ಲಿ ಕೆಂಪು ಕೂದಲಿನ ಈ ಪಾದ್ರಿ ಅಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದ. ಹುಡುಗಿಯರು ಕಂಬಿಯ ತಡಿಕೆಯ ಹಿಂದೆ ನಿಂತು ನುಡಿಸೋರು, ಕೇಳೋಕೆ ಯುರೋಪಿನ ಎಲ್ಲೆಡೆಯಿಂದ ಜನ ಬರೋರು. ಅಷ್ಟು ಕಷ್ಟದ ಪಾಠಗಳನ್ನ ಆತ ಬರೆದದ್ದು ಅವರ ಕೈ ನಂಬಿಕೊಂಡು.

'ವಸಂತ'ದ ಎರಡನೇ ಭಾಗ ಕೇಳಿ, ಅದು ಕಸ್ಟಮರ್ ಕೇರ್‌ನಲ್ಲಿ ಬರಲ್ಲ. ಮರದ ಕೆಳಗೆ ಕುರುಬ ಮಲಗಿದ್ದಾನೆ, ಅದು ಒಂಟಿ ಪಿಟೀಲು. ಉಳಿದ ಪಿಟೀಲುಗಳು ಎಲೆಗಳ ಸರಸರ. ವಿಯೋಲಾ ಒಂದು ಮಾತ್ರ ಒರಟಾಗಿ ಎರಡೆರಡು ಸಲ ಬೊಗಳುತ್ತೆ. ಅದು ನಾಯಿ. ಪ್ರತಿಯಲ್ಲಿ ಹಾಗಂತಲೇ ಬರೆದಿದ್ದಾನೆ. ಮಂದ್ರ? ಆ ಭಾಗದಲ್ಲಿ ಚೆಲ್ಲೋಗೆ ಕೆಲಸವೇ ಇಲ್ಲ, ಸುಮ್ಮನೆ ಕೂತಿರ್ತೀವಿ. ನಾನು ಇಡೀ ಚರ್ಚೆಯಲ್ಲಿ ಹೇಳಿದ ಮಾತಿಗೆ ಆತ ಇಲ್ಲಿ ವಿರುದ್ಧ ಹೋಗಿದ್ದಾನೆ. ಆಸರೆ ತೆಗೆದಿದ್ದಕ್ಕೇ ಆ ಮಧ್ಯಾಹ್ನದ ತೂಕಡಿಕೆ ಬಂತು.

1741ರಲ್ಲಿ ವಿಯೆನ್ನಾದಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತ. ಜನ ಮರೆತರು. ಹಸ್ತಪ್ರತಿಗಳ ದೊಡ್ಡ ಗಂಟು ಇಟಲಿಯಲ್ಲಿ ಮತ್ತೆ ಸಿಕ್ಕಿದ್ದು 1926ರಲ್ಲಿ. ಬಾಖ್‌ನ ಕಥೆಯೂ ಹೆಚ್ಚು ಬೇರೆ ಅಲ್ಲ. ಏಸುವಿನ ಕೊನೆಯ ದಿನಗಳನ್ನ ಹಾಡೋ ಅವನ ಮ್ಯಾಥ್ಯೂ ಪ್ಯಾಶನ್ ಧೂಳು ಹೊಡೆಸಿಕೊಂಡು ಮತ್ತೆ ಸಭೆಗೆ ಬಂದದ್ದು 1829ರಲ್ಲಿ, ಇಪ್ಪತ್ತು ವರ್ಷದ ಮೆಂಡೆಲ್‌ಸೋನ್‌ನಿಂದ.

ಕೆರೆ ಅವರೇ, ನಿಮಗೆ ಕೊನೆಯದಾಗಿ ಒಂದು. ಪರ್ಸೆಲ್ ಎಂಬ ಇಂಗ್ಲಿಷರವನ 'ಡೈಡೋ ಮತ್ತು ಈನಿಯಾಸ್'ನ ಕೊನೆಯ ಹಾಡು, ರಾಣಿ ಸಾಯೋ ಮುಂಚೆ ಹಾಡೋದು. ಮಂದ್ರ ಮತ್ತೆ ಸುತ್ತುತ್ತೆ, 11 ಸಲ. ಆದರೆ ಈ ಸಲ ಸ್ವರಗಳು ಸ, ನಿ, ಇನ್ನೊಂದು ನಿ, ದ, ಇನ್ನೊಂದು ದ, ಪ. ಒಂದೂ ಮೆಟ್ಟು ಬಿಡದೆ ಇಳಿಯೋದು.

ಪೇಢೆಪ್ರಿಯ

ಎರಡೂ ನಿಷಾದ, ಎರಡೂ ಧೈವತ ಸಾಲಾಗಿ! ನಮ್ಮ ಲಲತ್‌ದಾಗ ಎರಡು ಮಧ್ಯಮ ಒಂದರ ಬಾಜೂ ಒಂದು ಬರ್ತಾವ, ಅಷ್ಟಕ್ಕ ಎದಿ ಹಿಂಡತದ. ಕೇಳಿದೆ ಈಗ. ಎರಡ ಸಲ. ಆಕಿ ಹಾಡೋದು ಮಂದ್ರದ ಆವರ್ತಕ್ಕ ಸರಿಯಾಗಿ ಮುಗಿಯಂಗಿಲ್ಲ, ಅದು ಸಮಕ್ಕ ಬಂದಾಗ ಈಕಿ ಇನ್ನೂ ನಡುವ ಇರ್ತಾಳ. ಯಾರೋ ಕರಿಯಾಕ ಬಂದಾರ, ಈಕಿಗೆ ಮಾತ ಮುಗಿದಿಲ್ಲ, ಹಂಗ.

ಕುಕ್ಕರಹಳ್ಳಿ ಕೆರೆ

ಪೇಢೆಯವರೇ, ಆ ಹೋಲಿಕೆ ಓದಿದ ಮೇಲೆ ಕೇಳಿದೆ. ಇನ್ನು ಬೇರೆ ಥರ ಕೇಳೋಕೆ ಆಗಲ್ಲ.

ಮೊನ್ನೆ ಶುಕ್ರವಾರ ಮತ್ತೆ ಚರ್ಚ್‌ಗೆ ಹೋಗಿದ್ದೆ. ಈ ಸಲ ಹಿಂದಿನ ಬೆಂಚಿನಲ್ಲಿ, ಕಣ್ಣು ಮುಚ್ಚಿ, ಕೆಳಗಿನ ದನಿ ಮಾತ್ರ. ಮಧ್ಯೆ ಎರಡು ಸಲ ಕೈ ತಪ್ಪಿತು, ಮತ್ತೆ ಸಿಕ್ಕಿತು. ಎಲ್ಲ ಗೊತ್ತಾಯ್ತು ಅನ್ನಲ್ಲ.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕ್ಯಾನನ್‌ನ ಎಂಟು ಸ್ವರ ಹೇಳಿದೆ. ನಾನು ಕಳಿಸಿದ್ದು ಹಳೇ ವಾದ್ಯಗಳ ರೆಕಾರ್ಡಿಂಗ್, ಅದು ಈಗಿನ ಶ್ರುತಿಗಿಂತ ಅರ್ಧ ಸ್ವರ ಕೆಳಗೆ ಇರುತ್ತಂತೆ. ಅಮ್ಮ ಗೊಣಗಿಕೊಂಡೇ ಬಿರಡೆ ತಿರುಗಿಸಿ ವೀಣೆ ಇಳಿಸಿದರು. ಫೋನ್‌ನಲ್ಲಿ ಪಿಟೀಲುಗಳು, ಕೆಳಗೆ ಅಮ್ಮನ ವೀಣೆ, ಸ ಪ ದ ಗ ಮ ಸ ಮ ಪ. ಅಭ್ಯಾಸ ಬಲ, ಕಿರುಬೆರಳು ತಾನಾಗೇ ತಾಳದ ತಂತಿ ಮೀಟ್ತಿತ್ತು. ಮೊದಲ ಸ, ಪ ಚೆನ್ನಾಗೇ ಕೂಡಿತು. ನಾಲ್ಕನೇ ಸ್ವರ ಗ ಬಂದಾಗ ಮೇಲೆ ಪಿಟೀಲು ನಿಷಾದದಲ್ಲಿ, ತಾಳದ ತಂತಿ ಷಡ್ಜದಲ್ಲಿ. ಮುಳ್ಳು ಚುಚ್ಚಿದ ಹಾಗಾಯ್ತು. ಅಮ್ಮ ನಿಲ್ಲಿಸಿ ವೀಣೆ ನೋಡಿದರು, ಫೋನ್ ನೋಡಿದರು. "ಇದಕ್ಕೆ ತಾಳದ ತಂತಿ ಮುಟ್ಟಬಾರದು ಕಣೇ" ಅಂದರು. ಕಿರುಬೆರಳು ಮಡಚಿ ಇಟ್ಟುಕೊಂಡು ಮತ್ತೆ ಮೊದಲಿಂದ ಶುರು ಮಾಡಿದರು.

ಮಂದ್ರ

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳಿ. ನಾನು ಮೂರು ಪೋಸ್ಟ್ ಬರೆದೆ ಇದಕ್ಕೆ.

ಪ್ಲಾಂಟೇಶನ್ ಎ

ಅವರಿಗೆ ಕಾಫಿ ಕಂಟಾಟಾನೂ ಕಳಿಸಿ.